ಅಗುಳಿಯಾಗಿದ್ದ ಕೋವಿಗಳು

ನನ್ನ ಅಕ್ಕ ಪಾವ್ಲಳನ್ನು ಮದುವೆಯಾಗಿ ಅಲ್ಬಿನ್ ನಮ್ಮ ಮನೆಗೆ ಬಂದದ್ದು 1952ರಲ್ಲಿ, ಸೇಬು ಕೊಯ್ಯುವ ಕಾಲದಲ್ಲಿ. ಗಂಡು ಮಕ್ಕಳಿಲ್ಲದ ಮನೆ ನಮ್ಮದು. ಹಾಗಾಗಿ ಅವನೇ ಮನೆಅಳಿಯನಾಗಿ ಬಂದ. ಜೊತೆಗೆ ತಂದದ್ದು ಒಂದು ಪೆಟ್ಟಿಗೆ ತುಂಬ ಉಳಿ, ಕೀಸುಳಿ, ಗರಗಸ; ಒಂದು ಗಾಡಿ ಅಕ್ರೋಟು ಮರದ ಹಲಗೆ; ಮೈಗೆ ಹತ್ತಿಕೊಂಡ, ಮರ ಅಂಟಿಸುವ ಸರೇಸಿನ ವಾಸನೆ. ನನಗೆ ಆಗ ಹದಿನಾರು. ಮೊದಲ ದಿನ ಊಟಕ್ಕೆ ಕೂತಾಗ ಅವನು ತಟ್ಟೆಗಿಂತ ಮೊದಲು ಮೇಜನ್ನು ನೋಡಿದ. ಬಗ್ಗಿ ಅದರ ಕಾಲನ್ನು ಅಲ್ಲಾಡಿಸಿ, "ಇದನ್ನ ಯಾವ ಪುಣ್ಯಾತ್ಮ ಮಾಡಿದ್ದು?" ಎಂದ. ಮಾಡಿದ್ದು ನಮ್ಮಪ್ಪ. ಅಪ್ಪ ಚಮಚ ಕೆಳಗಿಟ್ಟು ಅವನನ್ನೇ ದುರುಗುಟ್ಟಿ ನೋಡಿದರು. ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಆ ಮೇಜನ್ನು ಬಿಚ್ಚಿ ಹಾಕಿದ್ದರು.

ನಮ್ಮ ಪೊದ್‌ಬ್ರೆಗ್ ಊರು ಇರುವುದು ಇಟಲಿ ಗಡಿಯ ಹತ್ತಿರ, ಸೊಚಾ ನದಿಯ ಮೇಲ್ದಂಡೆಯಲ್ಲಿ. ನಮ್ಮ ನೆತ್ತಿಯ ಮೇಲಿನ ಬೆಟ್ಟದಲ್ಲಿ ಮೊದಲನೇ ಯುದ್ಧದ ಕಾಲಕ್ಕೆ ಆಸ್ಟ್ರಿಯಾದವರೂ ಇಟಲಿಯವರೂ ಎರಡೂವರೆ ವರ್ಷ ಎದುರುಬದುರು ಕೂತು ಹೊಡೆದಾಡಿದರು. ಊರವರನ್ನೆಲ್ಲ ಬಲವಂತವಾಗಿ ಬೇರೆ ಕಡೆ ಸಾಗಿಸಿದ್ದರು. 1919ರಲ್ಲಿ ಅವರು ಹಿಂದಿರುಗಿದಾಗ ಮನೆಗಳಿಗೆ ಬಾಗಿಲಿರಲಿಲ್ಲ, ಮಾಡಿಗೆ ಹಲಗೆಯಿರಲಿಲ್ಲ. ಸುತ್ತ ಬಿದ್ದಿದ್ದುದು ಸೈನಿಕರು ಬಿಟ್ಟುಹೋದ ಸಾಮಾನು ಮಾತ್ರ. ಅದರಲ್ಲೇ ಊರು ಮತ್ತೆ ಎದ್ದಿತು. ಉಕ್ಕಿನ ಟೋಪಿಗಳಲ್ಲಿ ಕೋಳಿಗಳಿಗೆ ನೀರಿಟ್ಟರು. ಮುಳ್ಳುತಂತಿಯ ಗೂಟಗಳಿಗೆ ದ್ರಾಕ್ಷಿ ಬಳ್ಳಿ ಹಬ್ಬಿಸಿದರು. ಕೋವಿಗಳು ಬಾಗಿಲಿನ ಅಗುಳಿಯಾದವು, ಬೀನ್ಸ್ ಬಳ್ಳಿಗೆ ಆಸರೆಯಾದವು, ಅಟ್ಟದ ತೊಲೆಗೆ ಊರುಗೋಲಾದವು. ನಾನು ಹುಟ್ಟಿ ಬೆಳೆಯುವಾಗ ಅವು ಕೋವಿ ಎಂದು ಯಾರೂ ಅನ್ನುತ್ತಿರಲಿಲ್ಲ. "ಅಗುಳಿ ಹಾಕಿ ಬಾ" ಅಂದರೆ ಹೋಗಿ ಹಾಕಿ ಬರುತ್ತಿದ್ದೆವು, ಅಷ್ಟೇ.

ಅಲ್ಬಿನ್ ಭಾವನ ಮನೆಯ ಕಥೆ ಬೇರೆ. ಅವನ ಅಪ್ಪ ಬೆಟ್ಟ ಹತ್ತಿ ತಾಮ್ರ, ಹಿತ್ತಾಳೆ ಆರಿಸಿ ತಂದು ಮಾರಿ ಮನೆ ನಡೆಸುತ್ತಿದ್ದ. 1934ರಲ್ಲಿ ಒಂದು ದಿನ, ಸಿಡಿಯದೆ ಉಳಿದಿದ್ದ ಫಿರಂಗಿ ಗುಂಡಿನ ತಾಮ್ರದ ಪಟ್ಟಿ ಬಿಚ್ಚಲು ಹೋದ. ಅದು ಸಿಡಿಯಿತು. ಭಾವನಿಗೆ ಆಗ ಎಂಟು ವರ್ಷ. ತಿಥಿಯ ಊಟ ಮುಗಿದ ಮೇಲೆ ಅವನ ತಾಯಿ ತೆರೇಜ ಮಗನ ಕೈಯನ್ನು ರೊಟ್ಟಿಯ ಮೇಲಿಡಿಸಿ ಮಾತು ತೆಗೆದುಕೊಂಡಳು: ಬೆಟ್ಟದಿಂದ ಒಂದು ಮೊಳೆಯನ್ನೂ ಮನೆಗೆ ತರಕೂಡದು. ತಂದೆಯಿಲ್ಲದ ಮಗ ಬಡಗಿಯೊಬ್ಬನ ಕೈಕೆಳಗೆ ಸೇರಿದ. ಕಬ್ಬಿಣದ ಸಹವಾಸ ಬೇಡ, ಮರ ಯಾರನ್ನೂ ಕೊಲ್ಲುವುದಿಲ್ಲ ಎಂಬುದು ತಾಯಿಯ ಲೆಕ್ಕ.

ಮದುವೆಯಾದ ಮರುವರ್ಷ ಮಾರ್ಯಂಕ ಅಜ್ಜಿ ಹುಲ್ಲಿನ ಅಟ್ಟದ ಬಾಗಿಲು ಸರಿಮಾಡಿಕೊಡು ಎಂದು ಭಾವನನ್ನು ಕರೆದಳು. ಅವಳು ಒಂಟಿ ಹೆಂಗಸು, ನಾಲಿಗೆ ಬಹಳ ಚುರುಕು. ಏಣಿ ಹಿಡಿದುಕೊಳ್ಳಲು ನಾನೂ ಜೊತೆಗೆ ಹೋಗಿದ್ದೆ. ಭಾವ ಬಾಗಿಲಿನ ಅಡ್ಡಗೋಲು ತೆಗೆದವನು ಅದನ್ನು ಕೆಳಗಿಡಲೇ ಇಲ್ಲ. ಬೆಳಕಿಗೆ ತಂದು ಹೆಬ್ಬೆರಳಿನಿಂದ ಸುಣ್ಣ ಕೆರೆದ. ಒಳಗಿನಿಂದ ಕಂದು ಬಣ್ಣದ ಮರದ ಎಳೆ ಕಂಡಿತು.

"ಅಜ್ಜಿ, ಇದು ಅಕ್ರೋಟು ಮರ."

"ಇರಬಹುದು."

"ಅಜ್ಜಿ, ಇದು ಕೋವಿ."

"ಗೊತ್ತು ಕಣೋ. ಮೂವತ್ನಾಲ್ಕು ವರ್ಷದಿಂದ ಈ ಬಾಗಿಲು ಕಾಯ್ತಿದೆ. ನನ್ನ ಗಂಡ ಅಷ್ಟು ದಿನ ಕಾಯಲಿಲ್ಲ."

"ನಂಗೆ ಕೊಡ್ತೀಯಾ?"

"ಕೊಟ್ಟು? ಬಾಗಿಲಿಗೆ ನಿನ್ನ ಕಾಲು ಅಡ್ಡ ಇಡಲಾ?"

ಭಾವ ಅವತ್ತು ಸಂಜೆಯೊಳಗೆ ಬೀಚ್ ಮರದಲ್ಲಿ ಒಂದು ಅಗುಳಿ ಕೆತ್ತಿದ. ಹಿಡಿಯುವ ಕಡೆ ಅಜ್ಜಿಯ ಸೊಟ್ಟ ಬೆರಳುಗಳಿಗೆ ಒಪ್ಪುವ ಹಾಗೆ ತಗ್ಗು ಮಾಡಿದ. ಅಜ್ಜಿ ಎರಡು ಸಲ ಹಾಕಿ, ಎರಡು ಸಲ ತೆಗೆದು, "ಹಗುರಾಗಿದೆ. ತಗೊಂಡು ಹೋಗು ನಿನ್ನ ಕಬ್ಬಿಣಾನ" ಅಂದಳು. ಅದಕ್ಕೆ ಸುತ್ತಿದ್ದ ನೀಲಿ ಹಗ್ಗದ ಸಮೇತ ಅವನು ಕೋವಿಯನ್ನು ಗೋಣಿಯಲ್ಲಿ ಸುತ್ತಿ ತಂದ.

ಬರುವಾಗ ದಾರಿಯಲ್ಲೇ ಅವನ ತಾಯಿಯ ಮನೆ. ಬಾಗಿಲಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದ ತೆರೇಜತ್ತೆ ಗೋಣಿಯ ಉದ್ದ ನೋಡಿಯೇ ಎದ್ದು ನಿಂತಳು.

"ಬೆಟ್ಟದ್ದಾ?"

"ಅಲ್ಲಮ್ಮ. ಮಾರ್ಯಂಕ ಅಜ್ಜಿ ಅಟ್ಟದ್ದು."

ಅವಳು ಗೋಣಿ ಬಿಚ್ಚಿಸಿದಳು. ಮೂಗು ಹತ್ತಿರ ತಂದು ಮೇಲಿನಿಂದ ಕೆಳಗೆ ಮೂಸಿದಳು. ನನಗೆ ನಗು ಬಂತು, ಭಾವ ಕಣ್ಣಲ್ಲೇ ಗದರಿಸಿದ. ಕೊನೆಗೆ ಅವಳು, "ಹುಲ್ಲಿನ ವಾಸನೆ ಬರ್ತಿದೆ. ಇರಲಿ ಬಿಡು" ಎಂದು ಮತ್ತೆ ಆಲೂಗಡ್ಡೆಗೆ ಕೂತಳು.

ಅಂದಿನಿಂದ ಅದೇ ಅವನ ಕಟ್ಟುಪಾಡಾಯಿತು. ಮನೆಯಲ್ಲಿ ಬದುಕಿದ ಕೋವಿ ಮಾತ್ರ ತರುವುದು, ಬೆಟ್ಟದಲ್ಲಿ ಬಿದ್ದದ್ದನ್ನು ಮುಟ್ಟುವುದಿಲ್ಲ. ಮದ್ದುಗುಂಡು, ಬಾಂಬು ಎಂದು ಯಾರಾದರೂ ಹಿಡಿದು ಬಂದರೆ ಅಂಗಳದಾಚೆಯೇ ನಿಲ್ಲಿಸಿ ಮಿಲಿಟರಿಯವರಿಗೆ ಹೇಳಿಕಳಿಸುತ್ತಿದ್ದ. ಇನ್ನೊಂದು, ಕೋವಿಗೆ ಎಂದೂ ದುಡ್ಡು ಕೊಡಲಿಲ್ಲ. ಏನು ತೆಗೆದುಕೊಂಡನೋ ಅದರ ಕೆಲಸ ಮಾಡುವ ಮರದ ಸಾಮಾನು ಮಾಡಿಕೊಟ್ಟ. ಅಗುಳಿಗೆ ಅಗುಳಿ, ಗೂಟಕ್ಕೆ ಗೂಟ. ಕೆಲವರು ಚೌಕಾಸಿ ಮಾಡಿ ತೊಟ್ಟಿಲು, ಬೆಂಚು ಮಾಡಿಸಿಕೊಂಡರು. ಕೆಳಗಿನ ಕೇರಿಯ ಲೋವ್ರೆನ್ಸ್ ಮುದುಕನಂತೂ ಬೀನ್ಸ್ ಬಳ್ಳಿಗೆ ನೆಟ್ಟಿದ್ದ ಇಟಲಿ ಕೋವಿ ಕೊಟ್ಟು, ತನಗೆ ಶವಪೆಟ್ಟಿಗೆ ಮಾಡಿಸಿಕೊಂಡ. ಆಮೇಲೆ ಹನ್ನೊಂದು ವರ್ಷ ಬದುಕಿದ. ಅಷ್ಟೂ ವರ್ಷ ಅದರಲ್ಲಿ ಚಳಿಗಾಲದ ಸೇಬು ಇಟ್ಟುಕೊಳ್ಳುತ್ತಿದ್ದ.

"ಒಳ್ಳೆ ಪೆಟ್ಟಿಗೆ ಅಲ್ಬಿನ್, ಒಂದೂ ಕೊಳೆಯಲ್ಲ" ಎಂದು ಕಂಡಾಗಲೆಲ್ಲ ಹೊಗಳುತ್ತಿದ್ದ.

ಕಾರ್ಯಾಗಾರದ ಪಕ್ಕದ ಕೋಣೆಯಲ್ಲಿ ಕೋವಿಗಳು ಸಾಲಾಗಿ ನಿಂತವು. ಆಸ್ಟ್ರಿಯಾದ ಮನ್‌ಲಿಖರ್ ಒಂದು ಕಡೆ, ಇಟಲಿಯ ಕರ್ಕಾನೊ ಇನ್ನೊಂದು ಕಡೆ. ಭಾವ ಒಂದೊಂದನ್ನೂ ಬಿಚ್ಚಿ, ತುಕ್ಕು ತೆಗೆದು, ಬಿರುಕಿಗೆ ಅದೇ ಜಾತಿಯ ಮರದ ತುಂಡು ಕೂರಿಸಿ, ಬಟ್ಟೆಯಲ್ಲಿ ಅಗಸೆ ಎಣ್ಣೆ ಹಾಕಿ ವಾರಗಟ್ಟಲೆ ಉಜ್ಜುತ್ತಿದ್ದ. ಬಾಗಿಲಲ್ಲಿದ್ದ ಕಾಲದಲ್ಲಿ ಹೊಡೆದಿದ್ದ ಮೊಳೆ, ಕೊಕ್ಕೆ, ಬಳೆ ಎಲ್ಲ ಕಿತ್ತು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ. ತೂತುಗಳನ್ನು ಎಲ್ಲಿದ್ದವೆಂದು ತಿಳಿಯದ ಹಾಗೆ ಮುಚ್ಚುತ್ತಿದ್ದ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಕಾಣಬೇಕು ಎಂಬುದು ಅವನ ಹಟ.

ನಾನು ಹಾಲಿನ ಡೇರಿಯಲ್ಲಿ ಚೀಸು ಮಾಡುವ ಕೆಲಸಕ್ಕೆ ಸೇರಿದ್ದೆ. ಮಧ್ಯಾಹ್ನ ಕೆಲಸ ಮುಗಿಸಿ ಬಂದು ಆ ಕೋಣೆಯ ಬಾಗಿಲಲ್ಲಿ ಕೂತು ನೋಡುವುದು ನನಗೆ ಅಭ್ಯಾಸವಾಯಿತು. ಭಾವ ಗುಂಡು ತುಂಬುವ ಬೋಲ್ಟ್ ಎಳೆದು ತೋರಿಸುತ್ತಿದ್ದ. "ನೋಡು ಮಿಲೊಯ್ಕ, ಇದು ಆಸ್ಟ್ರಿಯಾದ್ದು, ನೇರ ಎಳಿ, ನೇರ ತಳ್ಳು. ಇದು ಇಟಲಿದು. ಮೊದಲು ಮೇಲಕ್ಕೆ ತಿರುಗಿಸಬೇಕು, ಆಮೇಲೆ ಎಳೀಬೇಕು."

"ಯಾವುದು ಒಳ್ಳೇದು ಭಾವ?"

"ಅಗುಳಿಗಾದ್ರೆ ಆಸ್ಟ್ರಿಯಾದ್ದು. ಬೀನ್ಸಿಗೆ ಇಟಲಿದು."

ಒಳಗಿನಿಂದ ಪಾವ್ಲ ಕೂಗುತ್ತಿದ್ದಳು: "ಆ ಕೋವಿಗೆ ಉಜ್ಜಿದಷ್ಟು ನನ್ನ ಬೆನ್ನು ಉಜ್ಜಿದ್ರೆ ಈ ಸೊಂಟ ನೋವಾದ್ರೂ ಹೋಗ್ತಿತ್ತು!"

"ನೀನಿನ್ನೂ ಅಷ್ಟು ಹಳೇದಾಗಿಲ್ಲ ಪಾವ್ಲ. ಸರದಿ ಬರುತ್ತೆ, ತಾಳು."

ಮಿಲಿಷಿಯಾದ ಪೊಲೀಸಿನವನು ಒಮ್ಮೆ ಬಂದು, ಇಷ್ಟು ಕೋವಿ ಇಡಬೇಕಾದರೆ ಗುಂಡು ಹಾರದ ಹಾಗೆ ನಳಿಗೆಗಳಿಗೆ ತೂತು ಕೊರೆಯಬೇಕು, ಪರವಾನಗಿ ತೆಗೆಯಬೇಕು ಎಂದ. ಭಾವ ಹಾಗೆಯೇ ಕೊರೆದ. ತೂತು ಬಿದ್ದ ನಳಿಗೆಗಳನ್ನು ತಾಯಿಗೆ ತೋರಿಸಿದಾಗ ಅವಳು ಬೆರಳು ತೂರಿಸಿ ನೋಡಿ, "ಈಗ ಸರಿಯಾಯ್ತು" ಅಂದಳಂತೆ.

1976ರ ಮೇ ತಿಂಗಳಲ್ಲಿ ಭೂಮಿ ನಡುಗಿತು. ಗಡಿಯಾಚೆ ಇಟಲಿಯಲ್ಲಿ ಸಾವಿರದ ಹತ್ತಿರ ಮಂದಿ ಪ್ರಾಣ ಕಳೆದುಕೊಂಡರು. ನಮ್ಮೂರಲ್ಲಿ ಜೀವ ಹೋದದ್ದು ಎರಡು ಹಸುಗಳದ್ದು ಮಾತ್ರ. ಆದರೆ ಅರ್ಧ ಊರು ಕುಸಿದಿತ್ತು. ಉಳಿದ ಗೋಡೆಗಳಲ್ಲಿ ಕೈ ತೂರುವಷ್ಟು ಬಿರುಕು. ನಮ್ಮ ಮನೆ ಹೇಗೋ ನಿಂತಿತ್ತು. ಮರುದಿನ ಬೆಳಿಗ್ಗೆಯಿಂದಲೇ ಎಲ್ಲರೂ ಒಬ್ಬರ ಮನೆಯ ಸಾಮಾನು ಇನ್ನೊಬ್ಬರು ಎಳೆದು ಹೊರಗೆ ಹಾಕುತ್ತಿದ್ದೆವು. ಯೊಹಾನಕ್ಕನ ಮನೆಯ ಹಿಂದಿನ ಗೋಡೆ ಪೂರ್ತಿ ಬಿದ್ದಿತ್ತು. ಯೊಹಾನಕ್ಕ ನಾಲ್ಕು ಮಕ್ಕಳ ತಾಯಿ, ಗಂಡಸಿನಷ್ಟು ಬಲ, ಭಾವನಿಗಿಂತ ಎರಡು ವರ್ಷ ದೊಡ್ಡವಳು. ಹೊಲಿಗೆ ಯಂತ್ರದ ಒಂದು ತುದಿ ಅವಳು ಹಿಡಿದಿದ್ದಳು, ಇನ್ನೊಂದು ತುದಿ ನಾನು. ಅದು ಕಲ್ಲಿನಡಿ ಸಿಕ್ಕಿಕೊಂಡಿತ್ತು. ಆಗ ಭಾವ ಬಂದ. ಅವನ ಕಣ್ಣು ಯಂತ್ರದ ಮೇಲೆ ಬೀಳಲಿಲ್ಲ. ಮುರಿದ ತೊಲೆಯ ಪಕ್ಕ ಒಂದು ಮನ್‌ಲಿಖರ್ ನೇತಾಡುತ್ತಿತ್ತು. ಅವನು ಕಲ್ಲುರಾಶಿ ಹತ್ತಿ ಅದನ್ನು ಹಿಡಿದೆಳೆದ.

ಯೊಹಾನಕ್ಕ ಯಂತ್ರ ಕೈಬಿಟ್ಟಳು.

"ಅಲ್ಬಿನ್! ನನ್ನ ಅಡುಗೆಮನೆ ಮಣ್ಣುಪಾಲಾಗಿದೆ, ನಿನ್ನ ಕಣ್ಣು ಕಬ್ಬಿಣದ ಮೇಲಾ? ಇಪ್ಪತ್ತು ವರ್ಷದಿಂದ ನೀನು ಕೇಳ್ತಿದ್ದೆ, ನಾನು ಕೊಡಲಿಲ್ಲ ಅಂತ ಈಗ ಎತ್ಕೊಂಡು ಹೋಗ್ತೀಯಾ? ಹೋಗು, ತಗೊಂಡೋಗು!"

ಕೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾವ ಕೋವಿಯನ್ನು ಇದ್ದಲ್ಲೇ ಬಿಟ್ಟ, ಇಳಿದು ಬಂದು ನನ್ನ ಕೈಯಿಂದ ಯಂತ್ರದ ತುದಿ ತೆಗೆದುಕೊಂಡ, ಕಲ್ಲು ಸರಿಸಿ ಎಳೆದು ಹೊರಗಿಟ್ಟ. ಮನೆಗೆ ಬಂದು ಕೋವಿ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಅಕ್ಕನ ಕೈಗೆ ಕೊಟ್ಟ.

"ಏನಾಯ್ತು?" ಅಂದಳು ಪಾವ್ಲ.

"ಅವಳು ಹೇಳಿದ್ದು ನಿಜ. ನಾನು ಅದನ್ನೇ ನೋಡಿದ್ದು."

ಆ ಬೇಸಿಗೆಯಷ್ಟು ಅವನು ಯಾವತ್ತೂ ದುಡಿದಿರಲಿಲ್ಲ. ಮನೆ ಕಳೆದುಕೊಂಡವರಿಗೆ ಸರ್ಕಾರ ಮರದ ಶೆಡ್ಡುಗಳನ್ನು ಹಾಕಿಕೊಟ್ಟಿತ್ತು. ಒಳಗೆ ಏನೂ ಇರಲಿಲ್ಲ. ಭಾವ ಮಂಚ ಮಾಡಿದ, ಮೇಜು ಮಾಡಿದ, ಬಟ್ಟಲು ಇಡುವ ಗೂಡು ಮಾಡಿದ. ಹಲಗೆ ಮುಗಿದಾಗ, ಕೋವಿಗಳಿಗೆಂದು ಇಪ್ಪತ್ತು ವರ್ಷದಿಂದ ಒಣಗಿಸಿ ಇಟ್ಟಿದ್ದ ಅಕ್ರೋಟು ಮರವನ್ನೂ ಸೀಳಿದ. ಯೊಹಾನಕ್ಕನ ಶೆಡ್ಡಿಗೆ ಮಾಡಿದ ಮೇಜು ಅದರದ್ದೇ. ಅವಳಿಲ್ಲದ ಹೊತ್ತು ನೋಡಿ ಇಟ್ಟು ಬಂದ. ಸೆಪ್ಟೆಂಬರಿನಲ್ಲಿ ಭೂಮಿ ಮತ್ತೆ ನಡುಗಿತು. ಮೊದಲ ಸಲ ನಿಂತಿದ್ದ ಗೋಡೆಗಳೂ ಈ ಸಲ ಉರುಳಿದವು. ಬುಲ್ಡೋಜರ್ ಬಂತು. ಕಲ್ಲಿನ ಮೆಟ್ಟಿಲು, ಮರದ ಜಗುಲಿ, ಹೊಗೆ ಹಿಡಿದ ಅಡುಗೆಮನೆಗಳಿದ್ದ ಹಳೆಯ ಕೇರಿಯನ್ನು ಎಂಟು ದಿನದಲ್ಲಿ ಸಮತಟ್ಟು ಮಾಡಿ ಹೋಯಿತು. ನಾವೆಲ್ಲ ಬೇಲಿಗೆ ಒರಗಿ ನೋಡುತ್ತಿದ್ದೆವು. ಯಾರೂ ಅಳಲಿಲ್ಲ.

ಅಕ್ಟೋಬರಿನಲ್ಲಿ ಯೊಹಾನಕ್ಕ ಕೈಗಾಡಿ ತಳ್ಳಿಕೊಂಡು ನಮ್ಮ ಅಂಗಳಕ್ಕೆ ಬಂದಳು. ಗಾಡಿಯಲ್ಲಿ ಎಲೆಕೋಸು, ಎಲೆಕೋಸಿನ ಮೇಲೆ ಆ ಮನ್‌ಲಿಖರ್. ಗಾರೆ ಇನ್ನೂ ಅಂಟಿಕೊಂಡಿತ್ತು.

"ತಗೋ" ಅಂದಳು. "ನನ್ನ ಹೊಸ ಮನೆ ಕಾಂಕ್ರೀಟಂತೆ. ಇದನ್ನ ಎಲ್ಲಿ ಸಿಕ್ಕಿಸಲಿ?"

"ಬೇಡ ಯೊಹಾನಕ್ಕ. ನಾನು ಬಿಟ್ಟೆ."

"ಬಿಟ್ಟವನ ಮುಖ ನೋಡು! ಮೇಜು ಕೊಟ್ಟೆಯಲ್ಲ, ಬದಲಿಗೆ ಏನಾದ್ರೂ ತಗೊಳ್ಳಬೇಕಲ್ಲ? ಅದು ನಿನ್ನ ನಿಯಮ ತಾನೇ?"

ಪಾವ್ಲ ಬಾರ್ಲಿ ಕಾಫಿ ತಂದಿಟ್ಟಳು. ಅಡುಗೆಗೆ ಕಟ್ಟಿಕೊಂಡಿದ್ದ ಏಪ್ರನ್ನಿನ ಜೇಬಿನಿಂದ ಕೀಲಿ ತೆಗೆದು ತಾನೇ ಹೋಗಿ ಕೋಣೆಯ ಬಾಗಿಲು ತೆರೆದಳು. ಯೊಹಾನಕ್ಕ ಒಳಗೆ ಹೋಗಿ ಸಾಲನ್ನು ನೋಡಿದಳು. ಎಲ್ಲ ಹೊಳೆಯುತ್ತಿದ್ದವು. ಅವಳ ಮುಖ ಬಾಡಿತು.

"ಇದರಲ್ಲಿ ನಮ್ಮತ್ತೆ ತವರಿನದು ಯಾವುದು? ಅದರಲ್ಲಿ ಹಾಲು ಸೋಸೋ ಬಟ್ಟೆ ತೂಗುಹಾಕೋ ಕೊಕ್ಕೆ ಇತ್ತು."

"ಕೊಕ್ಕೆ ತೆಗೆದೆ" ಅಂದ ಭಾವ.

"ಯಾಕೆ?"

"ಅದು ಕೋವಿಯದಲ್ಲ."

"ನಮ್ಮದು ಕಣೋ ಅದು!" ಅಂದಳು ಯೊಹಾನಕ್ಕ. "ಕೋವಿ ಯಾರದ್ದೋ, ಯಾವನ್ದೋ. ಕೊಕ್ಕೆ ನಮ್ಮದು. ಆ ಮನೆಯೂ ಹೋಯ್ತು, ಬಾಗಿಲೂ ಹೋಯ್ತು. ಅದೊಂದು ಕೊಕ್ಕೆ ಇದೆ ಅಂದ್ಕೊಂಡು ಬಂದೆ."

ಅವಳು ಹೋದ ಮೇಲೆ ಭಾವ ಬಿಸ್ಕತ್ತಿನ ಡಬ್ಬಿ ತಂದು ಅಡುಗೆಮನೆಯ ಮೇಜಿನ ಮೇಲೆ ಸುರಿದ. ಮೊಳೆ, ಕೊಕ್ಕೆ, ಲಾಳದ ಚೂರು, ಗುಂಡಿಗಳು, ತಾಮ್ರದ ಬಳೆ. ಇಪ್ಪತ್ತಮೂರು ವರ್ಷದ್ದು, ಎಲ್ಲ ಕಲೆಸಿ ಹೋಗಿತ್ತು.

"ಮಿಲೊಯ್ಕ, ನಾನೊಂದು ದೊಡ್ಡ ತಪ್ಪು ಮಾಡಿದೀನಿ" ಎಂದ.

ಆ ಭಾನುವಾರ ಚರ್ಚು ಬಿಟ್ಟ ಮೇಲೆ ಊರಿನ ಹೆಂಗಸರನ್ನು ನಾನೇ ಕರೆದು ತಂದೆ. ಹದಿನಾಲ್ಕು ಮಂದಿ ಬಂದರು. ಪಾವ್ಲ ಆಲೂಗಡ್ಡೆ, ಚೀಸು ಹಾಕಿ ದೊಡ್ಡ ಬಾಣಲೆಯಲ್ಲಿ ಫ್ರಿಕ ಮಾಡಿದ್ದಳು. ಅದು ತಣ್ಣಗಾಗಿ ರಬ್ಬರಿನಂತಾಯಿತು, ಯಾರೂ ಮುಟ್ಟಲಿಲ್ಲ. ಎಲ್ಲರೂ ಆ ಕಬ್ಬಿಣದ ಗುಡ್ಡೆಯ ಸುತ್ತ ಬಗ್ಗಿದ್ದರು.

"ಈ ಬಳೆ ನಮ್ಮದು, ಹಂದಿ ಗೂಡಿನ ಬಾಗಿಲಿದು."

"ನಿಮ್ಮ ಹಂದಿಗೆ ತಾಮ್ರದ ಬಳೆ ಬೇರೆ! ಅದು ನಮ್ಮ ಮಾವ ಕಾಸಿ ಬಡಿದದ್ದು, ಬೆಸುಗೆ ನೋಡು."

"ಅಯ್ಯೋ, ಈ ಕೊಕ್ಕೆಗೆ ನನ್ನ ಲಂಗ ಸಿಕ್ಕಿ ಹರಿದಿತ್ತು. ಮದುವೆಗೆ ಒಂದು ವಾರ ಇತ್ತು. ಅಟ್ಟದಲ್ಲಿ ಏನ್ಮಾಡ್ತಿದ್ದೆ ಅಂತ ಅಮ್ಮ ಹೊಡೆದಿದ್ದಳು."

"ಏನ್ಮಾಡ್ತಿದ್ದೆ?"

"ಹುಲ್ಲು ಹಾಕ್ತಿದ್ದೆ!"

"ಒಬ್ಬಳೇನಾ?"

ನಕ್ಕು ನಕ್ಕು ಪಾವ್ಲಳಿಗೆ ಬಿಕ್ಕಳಿಕೆ ಬಂತು. ನಗುತ್ತಲೇ ಇದ್ದವರಲ್ಲಿ ಒಬ್ಬಳು ಅಳತೊಡಗಿದಳು, ಅವಳನ್ನು ನೋಡಿ ಇನ್ನೊಬ್ಬಳು. ಬುಲ್ಡೋಜರಿನ ಮುಂದೆ ಒಣಗಿದ್ದ ಕಣ್ಣುಗಳು ಆ ಮೇಜಿನ ಮುಂದೆ ಹನಿಗೂಡಿದವು. ಭಾವ ಮೂಲೆಯಲ್ಲಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ನಿಂತು ಕೇಳುತ್ತಿದ್ದ. ಯಾವ ಕೊಕ್ಕೆ ಯಾವ ಮನೆಯದು, ಬಾಗಿಲಿನ ಎಡಕ್ಕೋ ಬಲಕ್ಕೋ, ಅದರಲ್ಲಿ ಏನು ತೂಗುತ್ತಿತ್ತು, ಎಲ್ಲವನ್ನೂ ನಾನು ಡೇರಿಯ ಹಳೆಯ ನೋಟುಪುಸ್ತಕದಲ್ಲಿ ಬರೆದುಕೊಂಡೆ.

ಆ ಚಳಿಗಾಲ ಪೂರ್ತಿ ಅವನು ತಾನೇ ಮುಚ್ಚಿದ್ದ ತೂತುಗಳನ್ನು ಮತ್ತೆ ಬಿಡಿಸಿ ಕೊಕ್ಕೆಗಳನ್ನು ಕೂರಿಸಿದ. ಮಾರ್ಯಂಕ ಅಜ್ಜಿಯ ಕೋವಿಯ ಸರದಿ ಬಂದಾಗ ಕೈ ನಿಂತಿತು. ಅಜ್ಜಿ ಸತ್ತು ಹತ್ತು ವರ್ಷವಾಗಿತ್ತು. ಆ ನೀಲಿ ಹಗ್ಗವನ್ನು ಅವನು ಮೊದಲ ವಾರವೇ ಒಲೆಗೆ ಹಾಕಿದ್ದ. ಬೇರೆ ಹಗ್ಗ ಸುತ್ತೋಣ ಎಂದೆ. "ಬೇಡ. ಅದು ಸುಳ್ಳಾಗುತ್ತೆ" ಎಂದ. ಅದೊಂದು ಹಾಗೆಯೇ ನುಣುಪಾಗಿ ಉಳಿಯಿತು.

ಮುಂದೆ ಅವನು ಕೋವಿ ಕೇಳಿಕೊಂಡು ಯಾರ ಮನೆಗೂ ಹೋಗಲಿಲ್ಲ. ಜನರೇ ತಂದರು. ಸುಣ್ಣ ಬಳಿದದ್ದನ್ನು ಸುಣ್ಣದ ಸಮೇತ, ಮಸಿ ಹಿಡಿದದ್ದನ್ನು ಮಸಿಯ ಸಮೇತ ಇಟ್ಟುಕೊಂಡ. ತುಕ್ಕು ಹೆಚ್ಚದ ಹಾಗೆ ಎಣ್ಣೆ ಮುಟ್ಟಿಸುತ್ತಿದ್ದ, ಅಷ್ಟೇ. ಪ್ರತಿಯೊಂದರ ಕೆಳಗೂ ನಾನು ಚೀಟಿ ಬರೆದು ಅಂಟಿಸಿದೆ: ಯೊಹಾನಳ ಮನೆ, ಹಿಂಬಾಗಿಲು, 1919ರಿಂದ 1976. ಮೊದಲು ಕೋಣೆಗೆ ಕಾಲಿಡದ ಹೆಂಗಸರು ಈಗ ಹಬ್ಬದ ಮಾರನೆಯ ದಿನ ಬಂದು ತಮ್ಮ ತಮ್ಮ ಬಾಗಿಲನ್ನು ಮಾತಾಡಿಸಿ ಹೋಗುತ್ತಿದ್ದರು.

1988ರಲ್ಲಿ ಮ್ಯೂನಿಕ್ಕಿನಿಂದ ಒಬ್ಬ ಸಂಗ್ರಹಕಾರ ಬಂದ. ಹೆಸರು ಟ್ರಾಟ್‌ಮನ್. ಮನೆಯಲ್ಲಿ ಇನ್ನೂರು ಕೋವಿ ಇಟ್ಟವನು, ಮರ್ಯಾದಸ್ಥ. ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿ ತಲೆ ಅಲ್ಲಾಡಿಸಿದ. ಭಾವನಿಗೆ ಎರಡನೇ ಯುದ್ಧದ ಕಾಲದಲ್ಲಿ ಕಲಿತ ಅಷ್ಟಿಷ್ಟು ಜರ್ಮನ್ ಬರುತ್ತಿತ್ತು.

"ಇದರ ಬೋಲ್ಟಿನ ನಂಬರು ಒಂದು, ನಳಿಗೆಯ ನಂಬರು ಇನ್ನೊಂದು" ಅಂದ ಟ್ರಾಟ್‌ಮನ್. "ಜೋಡಿಯಲ್ಲ."

"ನಾನೂ ನನ್ನ ಹೆಂಡತಿಯೂ ಜೋಡಿಯಲ್ಲ. ಮೂವತ್ತಾರು ವರ್ಷದಿಂದ ನಡೀತಿದೆ."

"ಆದರೆ ಇಷ್ಟು ಒಳ್ಳೆ ಮರಕ್ಕೆ ಕೊಕ್ಕೆ ಹೊಡೆದು ಹಾಳು ಮಾಡಿದವರು ಯಾರು? ಒಂದು ವಾರದ ಕೆಲಸ, ನಾನು ಸರಿ ಮಾಡಿಸಿಕೊಡ್ತೀನಿ."

"ನಾನೂ ಒಮ್ಮೆ ಸರಿ ಮಾಡಿದ್ದೆ ಸ್ವಾಮಿ" ಅಂದ ಭಾವ. "ಅದನ್ನ ರಿಪೇರಿ ಮಾಡೋಕೆ ಒಂದು ಚಳಿಗಾಲ ಹಿಡೀತು."

ಟ್ರಾಟ್‌ಮನ್‌ಗೆ ಅರ್ಥವಾಗಲಿಲ್ಲ. ನಾನು ಚೀಟಿಗಳನ್ನು ಓದಿದೆ, ಭಾವ ಜರ್ಮನ್ ಭಾಷೆಗೆ ತಿರುಗಿಸಿದ. ಹತ್ತನೆಯದೋ ಹನ್ನೊಂದನೆಯದೋ ಓದುವಾಗ ಅವನು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ. ತನ್ನ ಅಜ್ಜಿಯ ಮನೆ ಬಾಂಬಿಗೆ ಸಿಕ್ಕಿ ಸುಟ್ಟುಹೋಯಿತು, ಅದರ ಒಂದು ಮೊಳೆಯೂ ತನ್ನ ಬಳಿ ಇಲ್ಲ ಎಂದ. ಊಟಕ್ಕೆ ನಿಂತ. ಆಮೇಲೆ ಪ್ರತಿ ಕ್ರಿಸ್‌ಮಸ್ಸಿಗೆ ಪಾವ್ಲಳ ಹೆಸರಿಗೆ ಒಂದು ಡಬ್ಬಿ ಕಾಫಿ ಬರುತ್ತಿತ್ತು.

ಭಾವನಿಗೆ ಎಪ್ಪತ್ತಾಗುವ ಹೊತ್ತಿಗೆ ಕಣ್ಣು ಮಂಜಾಯಿತು. ಶಸ್ತ್ರಚಿಕಿತ್ಸೆಯಿಂದಲೂ ಹೆಚ್ಚು ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ನಮ್ಮ ಹಳೆಯ ಡೇರಿ ಮುಚ್ಚಿತ್ತು. ಚೀಸು ಮಾಗಲು ಇಡುತ್ತಿದ್ದ ತಂಪು ಕೋಣೆಯನ್ನು ಊರವರು ಕೋವಿಗಳಿಗೆ ಬಿಟ್ಟುಕೊಟ್ಟರು. ಮೂವತ್ತೇಳು ಕೋವಿಗಳನ್ನು ಗೋಡೆಗೆ ನಿಲ್ಲಿಸಲಿಲ್ಲ. ಹಳೆಯ ಕೇರಿಯಲ್ಲಿ ಮನೆಗಳು ಯಾವ ಸಾಲಿನಲ್ಲಿ ಇದ್ದವೋ ಅದೇ ಸಾಲಿನಲ್ಲಿ, ಬಾಗಿಲಿನ ಎತ್ತರಕ್ಕೆ ಅಡ್ಡಡ್ಡ ಕೂರಿಸಿದೆವು. ಅದು ಭಾವನದೇ ಲೆಕ್ಕಾಚಾರ. ಉದ್ಘಾಟನೆಗೆ ಬಂದ ಅಧಿಕಾರಿ ಯುದ್ಧ, ಶಾಂತಿ ಎಂದು ಅರ್ಧ ಗಂಟೆ ಮಾತಾಡಿದ. ಅವನ ಬೆನ್ನ ಹಿಂದೆ ಯೊಹಾನಕ್ಕ ತನ್ನ ಅಗುಳಿ ಎತ್ತಿ, "ಹೀಗಲ್ಲ, ಎಡಗೈ ಮೇಲಿರಬೇಕು" ಎಂದು ಮೊಮ್ಮಗಳಿಗೆ ಕಲಿಸುತ್ತಿದ್ದಳು.

ಕೊನೆಯ ಚಳಿಗಾಲದಲ್ಲಿ ವಾರಕ್ಕೊಮ್ಮೆ ನಾನು ಭಾವನನ್ನು ಕೈಹಿಡಿದು ಡೇರಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವನಿಗೆ ಏನೂ ಕಾಣುತ್ತಿರಲಿಲ್ಲ. ಬಾಗಿಲಿನಿಂದ ಶುರುಮಾಡಿ ಒಂದೊಂದನ್ನೂ ಕೈಯಿಂದ ಸವರುತ್ತ ಹೋಗುತ್ತಿದ್ದ. "ಇದು ಲೋವ್ರೆನ್ಸಂದು. ಇಲ್ಲಿ ಮೂರು ಮೆಟ್ಟಿಲು. ಇದು ಬೇಕರಿ ಗೋಡೆ, ಬೆಳಿಗ್ಗೆ ಬೆಚ್ಚಗಿರ್ತಿತ್ತು. ಇಲ್ಲಿ ನೀರಿನ ತೊಟ್ಟಿ. ಸರಿ ತಾನೇ ಮಿಲೊಯ್ಕ?" ಎನ್ನುತ್ತಿದ್ದ. ಸರಿ ಎನ್ನುತ್ತಿದ್ದೆ. ನನಗೂ ಆ ಕೇರಿಯ ಕಲ್ಲುಗಳು ಕಾಲಿಗೆ ತಗುಲಿದಂತಾಗುತ್ತಿತ್ತು. ಒಂದು ದಿನ ಮೊದಲ ಕೋವಿಯ ಹತ್ತಿರ ನಿಂತು, "ಅಮ್ಮ ಇದನ್ನ ಮೂಸಿದ್ದು ನೆನಪಿದೆಯಾ?" ಅಂದ. ನಾವಿಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಸತ್ತವರ ಬಗ್ಗೆ ಮಾತಾಡುತ್ತ ನಕ್ಕೆವು. ಮನೆಗೆ ಬರುವಷ್ಟರಲ್ಲಿ ಪಾವ್ಲ ಸೂಪು ಆರಿಹೋಯಿತೆಂದು ಬೈಯುತ್ತ ಬಾಗಿಲಲ್ಲಿ ನಿಂತಿದ್ದಳು.

2003ರ ಮಾರ್ಚಿನಲ್ಲಿ ನಿಮೋನಿಯಾ ಆಗಿ ಅವನು ಹೋದ. ಅವನ ಶವಪೆಟ್ಟಿಗೆಯನ್ನು ಕಣಿವೆಯ ಇನ್ನೊಬ್ಬ ಬಡಗಿ ಮಾಡಿದ. ಪಾವ್ಲ ಅದರ ಮೂಲೆಗಳನ್ನು ಮುಟ್ಟಿ ಮುಟ್ಟಿ ನೋಡಿ, "ಅವನಾಗಿದ್ರೆ ಒಪ್ತಿರಲಿಲ್ಲ" ಎಂದಳು. ಸಮಾಧಿಯ ಹತ್ತಿರ ಗಂಡಸರಿಗಿಂತ ಹೆಂಗಸರೇ ಹೆಚ್ಚಿದ್ದರು. ಪಾದ್ರಿ ಪ್ರಾರ್ಥನೆ ಮುಗಿಸಿದ ಮೇಲೂ ಅವರು ಚದುರಲಿಲ್ಲ. ತಿಳಿಬಿಸಿಲಿತ್ತು. ನದಿ ಹಿಮ ಕರಗಿದ ನೀರಿನಿಂದ ತುಂಬಿ ಹರಿಯುತ್ತಿತ್ತು. ಯಾರೋ ಹಳೆಯ ಕೇರಿಯ ಮಾತು ತೆಗೆದರು, ಇನ್ಯಾರೋ ಅದನ್ನು ತಿದ್ದಿದರು, ಬೇಕರಿಯ ಪಕ್ಕದ್ದು ಯಾರ ಮನೆ ಎಂದು ಜಗಳವೇ ಆಯಿತು. ಕೊನೆಗೆ ನಾನು ಡೇರಿಯ ಬೀಗ ತೆಗೆದೆ, ಎಲ್ಲರೂ ಹೋಗಿ ನೋಡಿಕೊಂಡು ಬಂದೆವು.